ಯಾತ್ರಿಕನ ಹಸುಬೆಯೂ ಅಚೌರ್ಯಾಣುವ್ರತವೂ

ಎತ್ತಿನ ಬೆನ್ನಿನ ಮೇಲೆ ಎರಡು ಪಕ್ಕಕ್ಕೂ ಸಮಭಾರವಾಗಿ ಇಳಿಬೀಳುವಂತೆ ಹಾಕುವ ಚೀಲಕ್ಕೆ ಕನ್ನಡದಲ್ಲಿ ಹಸುಬೆ ಎಂಬ ಹೆಸರುಂಟು. ಹಳಗನ್ನಡದ ಪಸುಂಬೆಯೇ ಈ ಹಸುಬೆ. ರೈಲು ಲಾರಿಗಳಿಲ್ಲದ ಕಾಲದಲ್ಲಿ ನಾಡಿನ ವಾಣಿಜ್ಯದ ಬಹುಭಾಗ ಎತ್ತು ಕತ್ತೆಗಳ ಬೆನ್ನಿನ ಮೇಲೆಯೇ ನಡೆಯಿತು. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ಗುಂಪು ಕಟ್ಟಿಕೊಂಡು, ಆಯುಧಧಾರಿಗಳಾದ ಕಾವಲಿನವರೊಡನೆ ಸಂಚರಿಸುತ್ತಿದ್ದುದು ಇಂಥ ಹೇರುಗಳ ರಕ್ಷಣೆಗಾಗಿ. ಇಂದು ಅದೇ ಹಸುಬೆ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಎರಡು ಪಕ್ಕಕ್ಕೆ ಬಂದು ಕುಳಿತಿದೆ. ವಾಹನ ಬದಲಾಯಿತು, ಚೀಲದ ಬಟ್ಟೆ ಬದಲಾಯಿತು. ಆದರೆ ದಾರಿಯಲ್ಲಿ ವಸ್ತುವನ್ನು ಹೇಗೆ ಕಾಯಬೇಕು, ಎಷ್ಟರಮಟ್ಟಿಗೆ ಕಾಯಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮೇಲುನೋಟಕ್ಕೆ ಇದು ಬೀಗದ ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆ. ವಿಚಾರಿಸಿ ನೋಡಿದರೆ ಶ್ರಾವಕಧರ್ಮವೂ ಉತ್ತರಿಸಬೇಕಾದ ಪ್ರಶ್ನೆಯೇ ಆಗಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವು ಹಿಂದೆ ನಾಯಕ ಅರಸರ ರಾಜಧಾನಿಯಾಗಿದ್ದ ಊರು. ಗುಡ್ಡದ ಮೇಲೆ ಅವರ ಕೋಟೆಯ ಅವಶೇಷಗಳಿವೆ. ಸಮೀಪದಲ್ಲಿಯೇ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯಿದೆ. ಭತ್ತ, ಅಡಿಕೆಗಳ ಈ ಸೀಮೆಯಿಂದ ಹೊರಟ ಯುವಕನೊಬ್ಬನು ಮೋಟಾರ್ ಸೈಕಲ್ಲಿನಲ್ಲಿ ಕ್ಷೇತ್ರದರ್ಶನ ಮಾಡಬಯಸಿದರೆ ಅವನ ದಾರಿ ಸುಂದರವಾಗಿಯೇ ಇರುತ್ತದೆ. ಶಿವಮೊಗ್ಗದ ಮಾರ್ಗವಾಗಿ ರಿಪ್ಪನ್‌ಪೇಟೆ ದಾಟಿ ಹೊಂಬುಜ. ಅಲ್ಲಿಂದ ತೀರ್ಥಹಳ್ಳಿ, ಆಗುಂಬೆಯ ಘಾಟಿ ಇಳಿದು 1432ರ ಬಾಹುಬಲಿಯ ಕಾರ್ಕಳ. ಮುಂದೆ ಸಾವಿರಕಂಬದ ಬಸದಿಯ ಮೂಡಬಿದಿರೆ, 1604ರ ಬಾಹುಬಲಿಯ ವೇಣೂರು, ಧರ್ಮಸ್ಥಳ. ಚಾರ್ಮಾಡಿ ಘಾಟಿ ಹತ್ತಿ ಹಾಸನದ ಮೇಲೆ ಶ್ರವಣಬೆಳಗೊಳ. ನಾಲ್ಕೈದು ದಿನಗಳ ಈ ಯಾತ್ರೆಗೆ ಬಟ್ಟೆ, ಮಳೆಯಂಗಿ, ಪೂಜಾಸಾಮಗ್ರಿ, ರಾತ್ರಿಭೋಜನ ತ್ಯಾಗವುಳ್ಳವನಾದರೆ ಹೊತ್ತು ಮುಳುಗುವ ಮುನ್ನ ಉಣ್ಣಲು ಬುತ್ತಿ, ಇಷ್ಟಾದರೂ ಬೇಕು. ಇದೆಲ್ಲ ಹಸುಬೆಗೆ ಸೇರುತ್ತದೆ. ಮತ್ತು ಪ್ರತಿ ಕ್ಷೇತ್ರದಲ್ಲಿಯೂ ಅವನು ವಾಹನವನ್ನು ಹೊರಗೆ ನಿಲ್ಲಿಸಿ, ಪಾದರಕ್ಷೆಯನ್ನು ಕಳಚಿ, ಹಸುಬೆಯನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಬೇಕು. ಪ್ರಶ್ನೆ ಹುಟ್ಟುವುದು ಆ ಕ್ಷಣದಲ್ಲಿ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಕಾಲದಲ್ಲಿ ವಾಹನದ ಪಕ್ಕಕ್ಕೆ ತಗಡಿನ ಪೆಟ್ಟಿಗೆಯೊಂದನ್ನು ಬೋಲ್ಟು ಹಾಕಿ ಬಿಗಿಸುವುದು ವಾಡಿಕೆಯಾಗಿತ್ತು. ಅದನ್ನು ಕಳಚುವುದು ಒಡೆಯನಿಗೂ ಸುಲಭವಲ್ಲ, ಅನ್ಯನಿಗೂ ಸುಲಭವಲ್ಲ. ಇಂದಿನ ದೂರಸಂಚಾರದ ವಾಹನಗಳಿಗೆ ಬಂದಿರುವ ಪೆಟ್ಟಿಗೆ, ಚೀಲಗಳ ಹೆಚ್ಚುಗಾರಿಕೆಯೇ ಅವು ಕ್ಷಣದಲ್ಲಿ ಕಳಚಿಕೊಳ್ಳುತ್ತವೆ ಎಂಬುದು. ಗಟ್ಟಿ ಪೆಟ್ಟಿಗೆಗಳು ಕೊಂಡಿಯಲ್ಲಿ ಕೂತು ಚಿಕ್ಕ ಬೀಗದ ಕೈಯಿಂದ ಬಿಡಿಸಿಕೊಳ್ಳುತ್ತವೆ. ಬಟ್ಟೆಯ ಚೀಲಗಳು ಪಟ್ಟಿ ಬಕಲುಗಳಿಂದ ನಿಲ್ಲುತ್ತವೆ. ಪೆಟ್ರೋಲ್ ಟ್ಯಾಂಕಿನ ಮೇಲಿನ ಪುಟ್ಟ ಚೀಲವನ್ನು ಕೆಲವೊಮ್ಮೆ ಅಯಸ್ಕಾಂತವಷ್ಟೇ ಹಿಡಿದಿರುತ್ತದೆ. ಒಡೆಯನಿಗಾದ ಅನುಕೂಲವೇ ಕಳ್ಳನಿಗೂ ಅನುಕೂಲವಾಯಿತು.

ಈ ಸಂದರ್ಭದಲ್ಲಿ ಜನರಾಡುವ ಒಂದು ಮಾತನ್ನು ಮೊದಲು ಪರಿಶೀಲಿಸಬೇಕು. "ಹೋಗುವುದಿದ್ದರೆ ಬೀಗ ಹಾಕಿದರೂ ಹೋಗುತ್ತದೆ, ಎಲ್ಲವೂ ಕರ್ಮೋದಯ" ಎಂದು ಕೆಲವರು ಹೇಳುವುದುಂಟು. ಲಾಭಾಂತರಾಯ ಕರ್ಮದ ಉದಯವನ್ನು ಶಾಸ್ತ್ರವು ಒಪ್ಪುತ್ತದೆ, ನಿಜ. ಆದರೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನೂ ಅದೇ ಶಾಸ್ತ್ರವು ಹೇಳಿದೆ. ಹೀಗೆ ಮಾತನಾಡುವ ಗೃಹಸ್ಥನು ಸಂಜೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತೆರೆದಿಟ್ಟು ಮನೆಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಪುರುಷಾರ್ಥವನ್ನೂ ದಾರಿಯಲ್ಲಿ ಕರ್ಮವನ್ನೂ ನಂಬುವುದು ಸಿದ್ಧಾಂತವಾಗಲಾರದು, ಅದು ಸೋಮಾರಿತನ. ಜೈನದರ್ಶನದಲ್ಲಿ ಅದಕ್ಕೆ ಪ್ರಮಾದವೆಂದು ಹೆಸರು, ಮತ್ತು ಪ್ರಮಾದವು ಬಂಧದ ಹೇತುಗಳಲ್ಲಿ ಒಂದು.

ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಇದೆ: "ಬೀಗ ಹಾಕದವನದೇ ತಪ್ಪು, ಕದ್ದವನನ್ನು ಅಂದು ಏನು ಪ್ರಯೋಜನ?" ಇದೂ ಸರಿಯಲ್ಲ. ಕೊಡದೆ ಇರುವುದನ್ನು ಪ್ರಮತ್ತಭಾವದಿಂದ ತೆಗೆದುಕೊಳ್ಳುವುದೇ ಚೌರ್ಯ. ಅದಕ್ಕೆ ಬೀಗವಿತ್ತೇ ಇಲ್ಲವೇ ಎಂಬ ವಿಚಾರಣೆಯಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತವನ್ನು ವಿವರಿಸುವಾಗ ಇಟ್ಟ ವಸ್ತು, ಬಿದ್ದ ವಸ್ತು, ಮರೆತ ವಸ್ತು ಈ ಮೂರನ್ನೂ ಸೇರಿಸಿದ್ದಾರೆ. ಮೂರಕ್ಕೂ ಬೀಗವಿಲ್ಲ, ಆದರೂ ಅವು ಪರರವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕೂಡ ಕಳವನ್ನು ನಿರೂಪಿಸುವಾಗ ಬೀಗದ ಮಾತನ್ನೆತ್ತುವುದಿಲ್ಲ. ಆದುದರಿಂದ ಸಡಿಲವಾದ ಪಟ್ಟಿಯು ಕಳ್ಳನ ಪಾಪವನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ.

ಹಾಗಾದರೆ ಬೀಗವು ಯಾರಿಗಾಗಿ? ಉಪಕರಣಗಳೊಡನೆ ಸಂಕಲ್ಪಮಾಡಿ ಬಂದ ಕಳ್ಳನನ್ನು ಅದು ತಡೆಯಲಾರದು; ಅವನ ಹೊತ್ತನ್ನು ಕೊಂಚ ಹೆಚ್ಚಿಸಬಲ್ಲದು, ಅಷ್ಟೆ. ಆದರೆ ಬೆಳಗಿನಿಂದ ಕದಿಯುವ ಯೋಚನೆಯೇ ಇಲ್ಲದೆ, ತೆರೆದ ಚೀಲವನ್ನು ಕಂಡ ಗಳಿಗೆಯಲ್ಲಿ ಮನಸ್ಸು ಡೋಲಾಯಮಾನವಾಗುವ ದುರ್ಬಲನೂ ಲೋಕದಲ್ಲಿದ್ದಾನೆ. ಬಿಗಿದ ಬಕಲು, ಹಾಕಿದ ಬೀಗ ಅವನಿಗೆ ಆಲೋಚಿಸಲು ಕ್ಷಣಕಾಲ ಕೊಡುತ್ತವೆ. ಆ ದೃಷ್ಟಿಯಿಂದ ಬೀಗವು ಒಡೆಯನ ವಸ್ತುವಿಗೆ ಮಾತ್ರವಲ್ಲದೆ ದಾರಿಹೋಕನ ವ್ರತಕ್ಕೂ ಸಲ್ಲಿಸುವ ಸೇವೆಯಾಗಿದೆ. ಇದು ಅನುಕಂಪೆ. ತಾನು ಕಳೆದುಕೊಳ್ಳದಿರಲಿ ಎಂಬುದು ವ್ಯವಹಾರ. ಇನ್ನೊಬ್ಬನು ಕಳ್ಳನಾಗದಿರಲಿ ಎಂಬುದು ಧರ್ಮ.

ವ್ಯವಹಾರದಲ್ಲಿ ಮಾಡಬೇಕಾದುದೇನೆಂಬುದನ್ನು ಬಲ್ಲವರು ಹೀಗೆ ಹೇಳುತ್ತಾರೆ. ಬಟ್ಟೆಯ ಚೀಲವಾದರೆ ಅದರ ಹಿಡಿಕೆ, ಬಳೆಗಳೊಳಗೆ ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿಯನ್ನು ತೂರಿಸಿ ವಾಹನದ ಚೌಕಟ್ಟಿನ ಕಬ್ಬಿಣಕ್ಕೆ ಸುತ್ತಿ ಬೀಗ ಹಾಕಬೇಕು. ಕಿತ್ತು ಬರುವ ತೆಳು ಫೈಬರ್ ಭಾಗಕ್ಕೆ ಸುತ್ತಿದರೆ ಫಲವಿಲ್ಲ. ಜಿಪ್ಪಿನ ಎರಡು ತುದಿಗಳನ್ನೂ ಕೂಡಿಸಿ ಚಿಕ್ಕ ಬೀಗ ಹಾಕಬೇಕು. ಆದರೆ ಬಟ್ಟೆಗೆ ಚಾಕುವೇ ಬೀಗದ ಕೈ ಎಂಬುದನ್ನು ಮರೆಯದೆ ಅದರಲ್ಲಿ ಉಡುಪಿಗಿಂತ ಬೆಲೆಯುಳ್ಳದ್ದನ್ನು ಇಡಬಾರದು. ಹಿಂಬದಿಯ ಗಟ್ಟಿ ಪೆಟ್ಟಿಗೆ ಕೂರುವ ಫಲಕದ ತಿರುಪುಗಳು ಸಾಮಾನ್ಯವಾಗಿ ಪೆಟ್ಟಿಗೆಯ ಅಡಿಯಲ್ಲಿ ಮರೆಯಾಗುತ್ತವೆ. ಆದರೆ ಫಲಕವನ್ನು ಹೊತ್ತ ಕ್ಯಾರಿಯರಿನ ಬೋಲ್ಟುಗಳು ಹೊರಗೇ ಇರುತ್ತವೆ. ಸ್ಪ್ಯಾನರ್ ಒಂದಿದ್ದರೆ ಕ್ಯಾರಿಯರ್ ಸಮೇತ ಪೆಟ್ಟಿಗೆ ಹೋಗುತ್ತದೆ. ಸಾಮಾನ್ಯ ಸ್ಪ್ಯಾನರಿಗೆ ಸಿಗದ ತಲೆಯುಳ್ಳ ಬೋಲ್ಟುಗಳನ್ನು ಅಲ್ಲಿಗೆ ಹಾಕಿಸುವುದು ಲೇಸು. ಟ್ಯಾಂಕಿನ ಮೇಲಿನ ಚೀಲವನ್ನು ಮಾತ್ರ ಕೈಯಲ್ಲಿಯೇ ಒಯ್ಯಬೇಕು. ಜನ ಓಡಾಡುವ, ಬೆಳಕಿರುವ ಸ್ಥಳದಲ್ಲಿ ವಾಹನ ನಿಲ್ಲಿಸಬೇಕು. ರಾತ್ರಿ ತಂಗುವಲ್ಲಿ ಎಲ್ಲವನ್ನೂ ಕಳಚಿ ಕೋಣೆಗೆ ಒಯ್ಯಬೇಕು. ಕಳಚುವ ಸೌಕರ್ಯವಿರುವುದು ಅದಕ್ಕಾಗಿಯೇ.

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ನಿಶ್ಚಿಂತವಾಗುವುದೇ? ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬಸವಾಪಟ್ಟಣದ ಆ ಯುವಕನು ಶ್ರವಣಬೆಳಗೊಳಕ್ಕೆ ಬಂದು ವಿಂಧ್ಯಗಿರಿಯ ಬುಡದಲ್ಲಿ ವಾಹನ ನಿಲ್ಲಿಸುತ್ತಾನೆ. ಹಸುಬೆಗಳೆರಡಕ್ಕೂ ಬೀಗ ಹಾಕುತ್ತಾನೆ. ಹಿಂಬದಿಯ ಆಸನದ ಮೇಲೆ ರಬ್ಬರ್ ಹಗ್ಗದಿಂದ ಬಿಗಿದಿದ್ದ ಇನ್ನೊಂದು ಸಣ್ಣ ಬ್ಯಾಗು ಇದ್ದೇ ಇದೆಯೆಂದು ನಂಬಿ, ತಿರುಗಿ ನೋಡದೆ ಹೊರಡುತ್ತಾನೆ. ಅಜ್ಜಿ ಕೊಟ್ಟ ಜಪಮಾಲೆಯ ಬೆಳ್ಳಿಯ ಭರಣಿ ಅದರಲ್ಲಿದೆ. ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತುವಾಗ ನೂರನೆಯ ಮೆಟ್ಟಿಲಿನಲ್ಲಿ ಅವನಿಗೆ ಅದರ ನೆನಪಾಗುತ್ತದೆ. ಅಲ್ಲಿಂದ ಮುಂದೆ ಕಾಲು ಮೇಲಕ್ಕೆ ಹತ್ತುತ್ತದೆ, ಮನಸ್ಸು ಕೆಳಕ್ಕೆ ಇಳಿಯುತ್ತದೆ. ರಾಜ್ಯವನ್ನು ಗೆದ್ದೂ ಬಿಟ್ಟುಕೊಟ್ಟವನ, ಉಟ್ಟ ವಸ್ತ್ರವನ್ನೂ ತ್ಯಜಿಸಿ ನಿಂತವನ ಎದುರು ಅವನು ಕೈಮುಗಿದು ನಿಲ್ಲುತ್ತಾನೆ. ಆದರೆ ಅವನು ಕಾಣುತ್ತಿರುವುದು ಬಾಹುಬಲಿಯನ್ನಲ್ಲ, ತನ್ನ ಬ್ಯಾಗನ್ನು.

ಇಳಿದು ಬಂದು ನೋಡಿದರೆ ಆಸನದ ಮೇಲೆ ರಬ್ಬರ್ ಹಗ್ಗ ಜೋತಾಡುತ್ತಿದೆ, ಬ್ಯಾಗು ಇಲ್ಲ. ಪಕ್ಕದಲ್ಲಿ ಸೌತೆಕಾಯಿ ಮಾರುವ ಹುಡುಗನೊಬ್ಬ ಕೂತಿದ್ದಾನೆ. "ಲೇ, ಇಲ್ಲಿದ್ದ ಬ್ಯಾಗ್ ಎಲ್ಲೋ? ನೀನೇ ತಗೊಂಡಿರಬೇಕು" ಎಂದು ಯುವಕ ಗದರುತ್ತಾನೆ. "ನಾನು ನೋಡೇ ಇಲ್ಲ ಅಣ್ಣಾ, ನೀವು ಬರುವಾಗಲೇ ಅಲ್ಲಿ ಏನೂ ಇರಲಿಲ್ಲ" ಎಂದು ಹುಡುಗ ಅಳುಮೋರೆ ಮಾಡುತ್ತಾನೆ. ಜನ ಸೇರುತ್ತಾರೆ. ಯಾರೋ ಹುಡುಗನ ಬುಟ್ಟಿಯನ್ನು ಕವುಚಿ ಹುಡುಕುತ್ತಾರೆ. ಸೌತೆಕಾಯಿಗಳು ಮಣ್ಣಿನಲ್ಲಿ ಉರುಳುತ್ತವೆ. ಅರ್ಧ ಗಂಟೆಯ ಬಳಿಕ ಕ್ಷೇತ್ರದ ಕಚೇರಿಯಿಂದ ಕರೆ ಬರುತ್ತದೆ: ಊರಿನ ತಿರುವಿನಲ್ಲಿ ಬಿದ್ದಿದ್ದ ಬ್ಯಾಗನ್ನು ಹಿಂದಿನಿಂದ ಬಂದ ಯಾತ್ರಿಕರೊಬ್ಬರು ತಂದೊಪ್ಪಿಸಿದ್ದಾರೆ. ಬೆಳ್ಳಿಯ ಭರಣಿ ಇದ್ದ ಹಾಗೆಯೇ ಇದೆ. ಯುವಕನಿಗೆ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಯಾರಿಗೆ?

ಈ ದೃಷ್ಟಾಂತದಲ್ಲಿ ಕಳ್ಳನೇ ಇಲ್ಲ. ಆದರೂ ಮೂರು ದೋಷಗಳು ನಡೆದುಹೋದವು. ಹಗ್ಗ ಬಿಗಿಯುವಾಗ ಪ್ರಮಾದ. ದರ್ಶನದ ಹೊತ್ತಿನಲ್ಲಿ ದುರ್ಧ್ಯಾನ. ಕೊನೆಗೆ ನಿರಪರಾಧಿಯ ಮೇಲೆ ಅಪವಾದ. ಮೊದಲನೆಯದಕ್ಕೆ ಗಟ್ಟಿಯಾದ ಪಟ್ಟಿ ಸಾಕು. ಉಳಿದೆರಡಕ್ಕೆ ಅಂಗಡಿಯಲ್ಲಿ ದೊರೆಯುವ ಯಾವ ಬೀಗವೂ ಸಾಲದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ರೌದ್ರಧ್ಯಾನದ ನಾಲ್ಕು ಮೂಲಗಳನ್ನು ಹೇಳಿದ್ದಾರೆ: ಹಿಂಸೆ, ಅಸತ್ಯ, ಚೌರ್ಯ ಮತ್ತು ವಿಷಯಸಂರಕ್ಷಣೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕದಿಯುವುದನ್ನೇ ಚಿಂತಿಸುತ್ತಿರುವ ಮನಸ್ಸನ್ನೂ, ತನ್ನ ಭೋಗವಸ್ತುವನ್ನು ಕಾಯುವುದನ್ನೇ ಚಿಂತಿಸುತ್ತಿರುವ ಮನಸ್ಸನ್ನೂ ಸೂತ್ರಕಾರರು ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಇಂಥ ಧ್ಯಾನವು ಅವ್ರತಿಗೆ ಮಾತ್ರವಲ್ಲದೆ ಅಣುವ್ರತಧಾರಿಯಾದ ಗೃಹಸ್ಥನಿಗೂ ಉಂಟಾಗಬಲ್ಲದೆಂದು ಎಚ್ಚರಿಸಿದ್ದಾರೆ. ಬ್ಯಾಗನ್ನು ಎತ್ತಲು ಹೊಂಚುವವನೂ ಮೆಟ್ಟಿಲ ಮೇಲೆ ನಿಂತು ಅದನ್ನೇ ಜಪಿಸುವವನೂ ಲೋಕದ ದೃಷ್ಟಿಯಲ್ಲಿ ಕಳ್ಳ ಮತ್ತು ಒಡೆಯ; ಕ್ರಿಯೆಯ ದೋಷ ಕಳ್ಳನೊಬ್ಬನದೇ. ಆದರೆ ಇಬ್ಬರ ಚಿತ್ತವೂ ಒಂದೇ ವಸ್ತುವಿಗೆ ಕಟ್ಟಿಹೋಗಿದೆ. ಮೂರ್ಛೆಯೇ ಪರಿಗ್ರಹವೆಂಬ ಲಕ್ಷಣದ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ.

ಇದರಿಂದ ಬೀಗಕ್ಕೆ ಒಂದು ಅಳತೆ ದೊರೆಯುತ್ತದೆ. ಯಾವ ಬೀಗವನ್ನು ಹಾಕಿದ ಮೇಲೆ ವಸ್ತುವನ್ನು ಮರೆಯಲು ಸಾಧ್ಯವೋ ಅದು ತಕ್ಕ ಬೀಗ. ಯಾವ ವಸ್ತುವಿಗೆ ಎಂಥ ಬೀಗ ಹಾಕಿದರೂ ಮನಸ್ಸು ಅಲ್ಲಿಗೇ ಓಡುವುದೋ ಆ ವಸ್ತುವಿಗೆ ಬೇಕಾದುದು ಇನ್ನೊಂದು ಬೀಗವಲ್ಲ. ಅದು ಯಾತ್ರೆಗೆ ಬರಬೇಕಾದ ವಸ್ತುವೇ ಅಲ್ಲ. ಬೆಳ್ಳಿಯ ಭರಣಿ ಮನೆಯಲ್ಲಿರಲಿ, ನೂಲಿನ ಜಪಮಾಲೆ ಕಿಸೆಯಲ್ಲಿ ಬರಲಿ. ವಾಹನದ ಮೂಲ ಕಾಗದಪತ್ರಗಳನ್ನು ಹೊತ್ತು ತಿರುಗುವ ಅಗತ್ಯವೂ ಈಗಿಲ್ಲ. ಡಿಜಿಲಾಕರಿನಲ್ಲಿರುವ ಪತ್ರಗಳನ್ನು ಮೂಲಪತ್ರಗಳಿಗೆ ಸಮನಾಗಿ ಸ್ವೀಕರಿಸಬೇಕೆಂದು ಕೇಂದ್ರದ ಸಾರಿಗೆ ಸಚಿವಾಲಯವು 2018ರಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಹೊರಡುವ ಮುನ್ನ ಹಸುಬೆಯನ್ನು ತುಂಬುವುದಕ್ಕಿಂತ ಬರಿದು ಮಾಡುವುದರಲ್ಲಿ ಹೆಚ್ಚು ಹೊತ್ತು ಕಳೆಯುವುದು ಉಚಿತ. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ನಾಲ್ಕು ದಿನಗಳ ಮಟ್ಟಿಗಾದರೂ ತೂಕ ಮಾಡಿ ನೋಡುವ ಅವಕಾಶವಿದು. ಹೊಂಬುಜದ ಐತಿಹ್ಯದಲ್ಲಿ ಜಿನದತ್ತರಾಯನು ಕುದುರೆಯೇರಿ ನಾಡು ಬಿಟ್ಟು ಹೊರಟಾಗ ಬೆನ್ನಿಗೆ ಕಟ್ಟಿಕೊಂಡದ್ದು ಪದ್ಮಾವತಿಯ ವಿಗ್ರಹವೊಂದನ್ನು. ಅರಮನೆಯ ಉಳಿದ ಸಂಪತ್ತು ಹಿಂದೆಯೇ ಉಳಿಯಿತು.

ಮೂರನೆಯ ದೋಷವಾದ ಅಪವಾದವು ಎಲ್ಲಕ್ಕಿಂತ ಭಾರವಾದುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಪರಿವಾದವನ್ನು ಸೇರಿಸಿದ್ದಾರೆ. ಕಳೆದ ವಸ್ತುವಿಗಾಗಿ ದೂರು ಕೊಡುವುದು ತಪ್ಪಲ್ಲ. ಪೊಲೀಸರಿಗೆ, ಕ್ಷೇತ್ರದ ಕಚೇರಿಗೆ ತಿಳಿಸುವುದು ಕರ್ತವ್ಯವೇ. ಆದರೆ ಕಣ್ಣಾರೆ ಕಾಣದೆ, ಬಡವನೆಂಬ ಒಂದೇ ಕಾರಣಕ್ಕೆ ಪಕ್ಕದಲ್ಲಿದ್ದವನ ಮೇಲೆ ಬೆರಳು ತೋರುವುದು ಅವನ ಮಾನವನ್ನು ಅಪಹರಿಸಿದಂತೆ. ಹಣ ಹೋದರೆ ಗಳಿಸಬಹುದು. ಸಂತೆಯ ನಡುವೆ ಕಳ್ಳನೆನಿಸಿಕೊಂಡ ಹುಡುಗನ ಹೆಸರನ್ನು ಕ್ಷೇತ್ರದ ಕಚೇರಿಗೆ ಯಾರೂ ತಂದೊಪ್ಪಿಸುವುದಿಲ್ಲ. ಆ ಯುವಕನು ಬ್ಯಾಗು ಸಿಕ್ಕ ಸಂತೋಷದಲ್ಲಿ ಹೊರಟುಬಿಡದೆ, ಸೇರಿದ್ದ ಜನರ ಎದುರಿನಲ್ಲಿಯೇ ಆ ಹುಡುಗನ ಕ್ಷಮೆ ಬೇಡಿ, ಮಣ್ಣಾದ ಸೌತೆಕಾಯಿಗಳ ಬೆಲೆಯನ್ನು ತೆತ್ತರೆ ಮಾತ್ರ ಅವನ ಯಾತ್ರೆ ಪೂರ್ಣವಾದೀತು. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಬಂಧುಮಿತ್ರರಲ್ಲಿ ಕ್ಷಮೆ ಕೇಳುವುದು ಸುಲಭ. ಇಲ್ಲಿ ಕೇಳುವುದು ಕಷ್ಟ. ಕಷ್ಟವಾದುದರಿಂದಲೇ ಇದು ನಿಜವಾದ ಕ್ಷಮಾಯಾಚನೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಷಯದಲ್ಲಿ ಹೊಣೆಯಿದೆ. "ವಾಹನದಲ್ಲಿರುವ ವಸ್ತುಗಳಿಗೆ ಆಡಳಿತವು ಜವಾಬ್ದಾರಿಯಲ್ಲ" ಎಂಬ ಫಲಕವನ್ನು ಬರೆಸುವುದರಿಂದ ಕಾನೂನಿನ ಕೆಲಸ ಮುಗಿಯಬಹುದು, ಆತಿಥ್ಯದ ಕೆಲಸ ಮುಗಿಯುವುದಿಲ್ಲ. ಕಾರಿನಲ್ಲಿ ಬಂದವನಿಗೆ ಮುಚ್ಚುವ ಬಾಗಿಲುಗಳಿವೆ. ಎರಡು ಚಕ್ರದ ಮೇಲೆ ಬಂದವನಿಗೆ ಏನೂ ಇಲ್ಲ. ಒಂದು ಕೋಣೆ, ಅದರಲ್ಲಿ ಕಪಾಟುಗಳು, ಸಂಖ್ಯೆ ಕೊರೆದ ಬಿಲ್ಲೆಗಳು, ಒಂದು ದಾಖಲೆಯ ಪುಸ್ತಕ, ಕೂರಲು ಒಬ್ಬ ನಂಬಿಕೆಯ ಮನುಷ್ಯ ಇಷ್ಟಿದ್ದರೆ ಯಾತ್ರಿಕನು ಹಸುಬೆ, ಹೆಲ್ಮೆಟ್ಟುಗಳನ್ನು ಒಪ್ಪಿಸಿ ಹಗುರಾಗಿ ಒಳಗೆ ಹೋಗುತ್ತಾನೆ. ಹಾಗೆ ಒಪ್ಪಿಸಿಕೊಂಡ ಮೇಲೆ ಅದು ನ್ಯಾಸ. ಇಟ್ಟವನು ಲೆಕ್ಕ ಮರೆತು ಎರಡರ ಬದಲು ಒಂದನ್ನೇ ಕೇಳಿದರೆ "ಹೌದು, ಒಂದೇ" ಎಂದು ಕೊಡುವುದು ನ್ಯಾಸಾಪಹಾರವೆಂಬ ಅತಿಚಾರ. ದಾಖಲೆಯ ಪುಸ್ತಕವಿರಬೇಕಾದುದು ಯಾತ್ರಿಕನ ಮೇಲಿನ ಸಂಶಯದಿಂದಲ್ಲ, ನೌಕರನ ಮೇಲಿನ ಸಂಶಯದಿಂದಲೂ ಅಲ್ಲ. ಇಬ್ಬರ ವ್ರತವನ್ನೂ ಉಳಿಸುವುದಕ್ಕಾಗಿ.

ವರ್ತಕರಾದವರು ಯೋಚಿಸಬೇಕಾದ ಇನ್ನೊಂದು ಮಗ್ಗುಲಿದೆ. ಕದ್ದ ಪೆಟ್ಟಿಗೆಯನ್ನು ಕಳ್ಳನು ಪೂಜಿಸುವುದಕ್ಕಾಗಿ ಒಯ್ಯುವುದಿಲ್ಲ, ಮಾರುವುದಕ್ಕಾಗಿ ಒಯ್ಯುತ್ತಾನೆ. ಕೊಳ್ಳುವವನಿಲ್ಲದಿದ್ದರೆ ಇಂಥ ಕಳವಿನಲ್ಲಿ ಅರ್ಧ ನಿಲ್ಲುತ್ತದೆ. ಗುಜರಿಯ ಅಂಗಡಿಯಲ್ಲಿ ಹೊಸದರಂತಿರುವ ಪೆಟ್ಟಿಗೆ ಕಾಲುಬೆಲೆಗೆ ದೊರೆಯುತ್ತಿದೆ, ಆದರೆ ಅದರ ಬೀಗದ ಕೈ ಇಲ್ಲ ಎಂದಾದರೆ ಆ ಇಲ್ಲದ ಬೀಗದ ಕೈಯೇ ಕಥೆಯನ್ನೆಲ್ಲ ಹೇಳುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳವಿಗೆ ಪ್ರೇರಿಸುವ ಸ್ತೇನಪ್ರಯೋಗದ ಬೆನ್ನಿಗೇ ಕಳವಿನ ಮಾಲನ್ನು ಕೊಳ್ಳುವ ತದಾಹೃತಾದಾನವನ್ನು ಹೇಳಿರುವುದು ಅರ್ಥಪೂರ್ಣ. ಕಳವಿನ ವಸ್ತುವೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಪಡೆದುಕೊಳ್ಳುವುದು ನ್ಯಾಯ ಸಂಹಿತೆಯ 317ನೆಯ ಕಲಮಿನಂತೆಯೂ ಅಪರಾಧ. "ಬಿಲ್ ಕೇಳಲಿಲ್ಲ, ಅಗ್ಗವಾಯಿತು" ಎಂದು ಹಿಗ್ಗುವವನ ವಾಹನದ ಮೇಲೆ ಕೂತಿರುವುದು ಇನ್ನಾವನೋ ಯಾತ್ರಿಕನ ಹಸುಬೆ.

ಮಹಾರಾಷ್ಟ್ರದ ಶನಿಶಿಂಗಣಾಪುರದಲ್ಲಿ ಮನೆಗಳಿಗೆ ಬಾಗಿಲು ಬೀಗಗಳನ್ನು ಇಡದಿರುವ ಸಂಪ್ರದಾಯ ಪ್ರಸಿದ್ಧವಾಗಿದೆ. 2011ರಲ್ಲಿ ಯೂಕೋ ಬ್ಯಾಂಕು ಅಲ್ಲಿ ಬೀಗವಿಲ್ಲದ ಶಾಖೆಯನ್ನೂ ತೆರೆಯಿತು. ಆದರೆ ಅದರ ಹಿಂದಿನ ವರ್ಷವೇ ಅಲ್ಲಿಗೆ ಬಂದ ಯಾತ್ರಿಕರೊಬ್ಬರು ತಮ್ಮ ವಾಹನದಿಂದ ಹಣ, ವಸ್ತುಗಳು ಕಳವಾದವೆಂದು ದೂರಿದ್ದರು. ಊರಿನವರ ನಿಯಮವು ದಾರಿಯಲ್ಲಿ ಬರುವವರೆಲ್ಲರನ್ನೂ ಕಟ್ಟಲಾರದು. ಬೀಗವಿಲ್ಲದ ಲೋಕವು ಆದರ್ಶವಾಗಿರಲಿ. ಅದು ಬರುವವರೆಗೆ ಬೀಗ ಹಾಕುವುದು ಗೃಹಸ್ಥನಿಗೆ ನಾಚಿಕೆಯ ವಿಷಯವಲ್ಲ.

ಕಳಚಿಕೊಳ್ಳುವ ಗುಣವುಳ್ಳದ್ದು ಎಂದಾದರೂ ಕಳಚಿಕೊಂಡೇ ತೀರುತ್ತದೆ ಎಂಬುದು ಪರದ್ರವ್ಯದ ಸ್ವಭಾವ. ಒಡೆಯನ ಕೈಯಿಂದಾಗಲಿ, ಕಳ್ಳನ ಕೈಯಿಂದಾಗಲಿ, ಕಾಲನ ಕೈಯಿಂದಾಗಲಿ. ಇದನ್ನು ಅರಿತವನು ಬೀಗ ಹಾಕುವುದನ್ನು ಬಿಡುವುದಿಲ್ಲ. ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಕೈಯನ್ನು ಬೀಗದಿಂದ ತೆಗೆಯುವಾಗ ಮನಸ್ಸನ್ನೂ ತೆಗೆಯುತ್ತಾನೆ. ಆ ಮೇಲೆ ಅವನು ಹತ್ತುವ ಮೆಟ್ಟಿಲುಗಳು ಅವನವೇ.